ಸಂಜೆ ಐದಕ್ಕೆ ಬಂದವನ ಕೂಲಿ

ಚಂದ್ರಂಪಳ್ಳಿ ಡ್ಯಾಮಿನ ಒಡ್ಡಿನ ಮೇಲೆ ಇಬ್ಬರು ಆಡಿದ ಮಾತು ಇದು. ಕೇಳಿದವಳು ಸೇಡಂನಲ್ಲಿ ಪಾಠ ಹೇಳುವ ಉಪನ್ಯಾಸಕಿ, ಲಿಂಗಾಯತ ಮನೆಯ ಮಗಳು. ಉತ್ತರ ಕೊಟ್ಟವರು ವಾಡಿ, ಶಹಾಬಾದ, ಚಿಂಚೋಳಿ ಕಡೆಯ ಮೆಥೊಡಿಸ್ಟ್ ಸಭೆಗಳಲ್ಲಿ ಪಾಸ್ಟರ್ ಆಗಿದ್ದು ನಿವೃತ್ತರಾದವರು, ಅವಳ ತಂದೆಯ ಹಳೆಯ ಗೆಳೆಯರು.

ಅವಳು: ಕಾಕಾ, ಒಂದು ಮಾತು ಮನಸ್ಸಿನಾಗ ಕುಂತದ. ನಮ್ಮ ಓಣಿಯ ಮಾಸ್ತರರು ತೀರಿಕೊಂಡಾಗ ಮಣ್ಣಿಗೆ ಹೋಗಿದ್ದೆ. ಪ್ರಸಂಗ ಮಾಡಿದವರು, ಇವರು ಮಾಡಿದ ಒಳ್ಳೆ ಕೆಲಸದಿಂದ ಇವರಿಗೆ ರಕ್ಷಣೆ ಸಿಗಂಗಿಲ್ಲ, ನಂಬಿಕೆಯಿಂದ ಮಾತ್ರ ಅಂದ್ರು. ನನಗ ಭಾಳ ಕೆಟ್ಟ ಅನಿಸ್ತು. ಎಷ್ಟು ಬಡ ಹುಡುಗರ ಫೀ ತುಂಬಿದ ಮನುಷ್ಯ! ಜೀವಮಾನದ ದುಡಿಮೆ ಒಂದೇ ಮಾತಿನಾಗ ಸೊನ್ನೆ ಆಯ್ತಲ್ಲ?

ಅವರು: ಮಣ್ಣಿನ ಮುಂದ ನಿಂತು ಹಂಗ ಒಣ ಮಾತು ಆಡಬಾರದಿತ್ತು. ಅಳೋ ಮನಿಯವರಿಗೆ ಮೊದಲು ಸಮಾಧಾನ ಬೇಕಾಗಿರ್ತದ. ಆದ್ರ ಆ ಮಾತು ಅವರ ಸ್ವಂತದ್ದಲ್ಲವ್ವಾ, ಪೌಲ ಎಫೆಸದವರಿಗೆ ಬರೆದ ಪತ್ರದ ಎರಡನೇ ಅಧ್ಯಾಯದ್ದು. ರಕ್ಷಣೆ ದೇವರ ಕೃಪೆಯ ದಾನ, ಮನುಷ್ಯ ಅದನ್ನ ನಂಬಿಕೆಯಿಂದ ತಗೋತಾನ, ಗಳಿಸಿದ್ದಲ್ಲ, ಅದಕ್ಕ ಯಾರೂ ಎದಿ ಉಬ್ಬಿಸಂಗಿಲ್ಲ ಅಂತ ಎಂಟು ಮತ್ತು ಒಂಬತ್ತನೇ ವಚನದ ಅರ್ಥ. ಭಾಳ ಮಂದಿ ಅಲ್ಲಿಗೇ ಪುಸ್ತಕ ಮುಚ್ತಾರ. ಹತ್ತನೇ ವಚನ ಓದಿದ್ರ, ಒಳ್ಳೆ ಕೆಲಸ ಮಾಡ್ಲಾಕೇ ದೇವರು ನಮ್ಮನ್ನ ರೂಪಿಸ್ಯಾನ ಅಂತ ಅದ. ಮಾಸ್ತರರು ತುಂಬಿದ ಫೀ ಆ ಹತ್ತನೇ ವಚನದಾಗ ಬರ್ತದ. ಮೂರೂ ವಚನ ಕೂಡಿಸಿ ಹೇಳಿದ್ದರ ನಿನಗ ನೋವು ಆಗ್ತಿರಲಿಲ್ಲ.

ಅವಳು: ಅಂದ್ರ ಕೆಲಸ ಬೇಕು, ಆದ್ರ ಲೆಕ್ಕಕ್ಕಿಲ್ಲ. ಲೆಕ್ಕ ಇಟ್ರ ತಪ್ಪೇನ್ರಿ? ಮಾಡಿದ್ದುಣ್ಣೋ ಮಹಾರಾಯ ಅಂತ ಕೇಳಿ ಬೆಳೆದೋರು ನಾವು. ಒಳ್ಳೇದು ಮಾಡಿದವನಿಗ ಒಳ್ಳೇದಾಗಬೇಕು ಅನ್ನೋದರಾಗ ಒಂದು ನ್ಯಾಯ ಅದ.

ಅವರು: ನ್ಯಾಯ ಅದ, ಅಲ್ಲ ಅನ್ನಂಗಿಲ್ಲ. ಆದ್ರ ಎಷ್ಟು ಮಾಡಿದ್ರ ಸಾಕು? ಈ ಒಂದು ಪ್ರಶ್ನೆ ಮಾರ್ಟಿನ್ ಲೂಥರ್‌ನ ನಿದ್ದಿ ಕೆಡಿಸಿತ್ತು. 1505ರಾಗ ಅವ ಸನ್ಯಾಸಿ ಆಗಿ ಎರ್ಫರ್ಟ್‌ನ ಮಠ ಸೇರಿದ. ಉಪವಾಸ ಮಾಡಿದ, ರಾತ್ರಿ ಎಲ್ಲಾ ಪ್ರಾರ್ಥನೆ ಮಾಡಿದ, ತಾಸುಗಟ್ಟಲೆ ಪಾಪ ಒಪ್ಪಿಕೊಂಡ. ಎದ್ದು ಬಂದ ಮ್ಯಾಲ ಇನ್ನೊಂದು ಪಾಪ ನೆನಪಾಗ್ತಿತ್ತು. ಲೆಕ್ಕ ಪ್ರಾಮಾಣಿಕವಾಗಿ ಇಟ್ಟವನಿಗ ಕಡೀಕ ಉಳಿಯೋದು ಭಯ. ಲೆಕ್ಕ ಸುಳ್ಳು ಇಟ್ಟವನಿಗ ಸೊಕ್ಕು ಬರ್ತದ. ಲೂಕನ ಸುವಾರ್ತೆ ಹದಿನೆಂಟನೇ ಅಧ್ಯಾಯದಾಗ ಯೇಸು ಆ ಸೊಕ್ಕಿನ ಚಿತ್ರ ಕೊಟ್ಟಾನ. ಒಬ್ಬ ಫರಿಸಾಯ ಗುಡಿಯಾಗ ನಿಂತು ತನ್ನ ಉಪವಾಸ, ತನ್ನ ದಾನ ಎಲ್ಲಾ ದೇವರಿಗ ಎಣಿಸಿ ಹೇಳ್ತಾನ, ಪಕ್ಕದ ಸುಂಕದವನಂಥವ ನಾನಲ್ಲ ಅಂತ ಸಮಾಧಾನ ಪಡ್ತಾನ. ಸುಂಕದವ ದೂರ ನಿಂತು ತಲಿ ಎತ್ತದೆ ಕರುಣೆ ಬೇಡ್ತಾನ. ದೇವರ ಮುಂದ ನೀತಿವಂತ ಅನಿಸಿಕೊಂಡು ಮನಿಗ ಹೋದವ ಎರಡನೆಯವ. ನೋಡು, ಫರಿಸಾಯ ಹೇಳಿದ್ದು ಒಂದೂ ಸುಳ್ಳಲ್ಲ. ದಾನ ಖರೇನೇ ಮಾಡಿದ್ದ. ಆ ದಾನವೇ ಪಕ್ಕದವನನ್ನ ಅಳೆಯೋ ಕೋಲಾಗಿತ್ತು.

ಅವಳು: ಲೂಥರ್‌ನ ಜಗಳ ಪೋಪರ ಜೊತಿ ಅಂತ ಇತಿಹಾಸದ ಪುಸ್ತಕದಾಗ ಓದೀನಿ. ಅದಕ್ಕೂ ಇದಕ್ಕೂ ಸಂಬಂಧ?

ಅವರು: ಬೇರು ಇದೇ. ರೋಮಿನ ಸಂತ ಪೇತ್ರನ ದೇವಾಲಯ ಕಟ್ಟಲಾಕ ರೊಕ್ಕ ಬೇಕಾಗಿತ್ತು. ಟೆಟ್ಸೆಲ್ ಅನ್ನೋ ಪ್ರಸಂಗಿ ಜರ್ಮನಿಯಾಗ ಪಾಪದ ದಂಡನೆ ಕಡಿಮೆ ಮಾಡೋ ಪತ್ರ ಮಾರಿಕೊಂತ ಬಂದ. ರಕ್ಷಣೆಗೆ ಲೆಕ್ಕದ ವಹಿ ಇಟ್ರ ಒಂದಲ್ಲ ಒಂದು ದಿನ ಯಾರಾದರೂ ಬಂದು ಅದರ ಮುಂದ ಅಂಗಡಿ ತೆರೀತಾರ. 1517ರ ಅಕ್ಟೋಬರ್ 31ಕ್ಕ ಲೂಥರ್ ಹೊರಡಿಸಿದ ತೊಂಬತ್ತೈದು ವಾದಗಳು ಆ ಅಂಗಡಿ ವಿರುದ್ಧ ಎದ್ದಂಥವು. ರೋಮಾಪುರದವರಿಗೆ ಪೌಲ ಬರೆದ ಪತ್ರ ಓದಿ ಓದಿ ಅವನಿಗ ಹೊಳೆದದ್ದು ಒಂದೇ: ಪಾಪಿಯನ್ನ ನೀತಿವಂತ ಅಂತ ಒಪ್ಪಿಕೊಳ್ಳೋದು ದೇವರ ಕೆಲಸ, ಕ್ರಿಸ್ತನ ಸಲುವಾಗಿ ಮಾಡ್ತಾನ. ಮನುಷ್ಯ ಅದನ್ನ ಕೊಳ್ಳಲಾಕ ಬರಂಗಿಲ್ಲ, ತಗೋಬೇಕು ಅಷ್ಟೇ.

ಅವಳು: ಇಲ್ಲೇ ನನ್ನ ದೊಡ್ಡ ತಕರಾರು ಅದ ಕಾಕಾ. ಮೊದಲು ಕೆಲಸ ಬೆಲೆ ಆಗಿತ್ತು, ಈಗ ನಂಬಿಕೆ ಬೆಲೆ ಆಯ್ತು. ಗಟ್ಟಿ ನಂಬಿಕೆ ಇದ್ದವ ಪಾಸು, ಸಂಶಯ ಇದ್ದವ ನಪಾಸು. ಫರಿಸಾಯ ಹೋಗಿ ನಂಬಿಕಸ್ತ ಬಂದ. ಸೊಕ್ಕು ಅಲ್ಲೇ ಉಳೀತು.

ಅವರು: ಪ್ರಸಂಗ ಮಾಡೋ ನಾವೆಲ್ಲಾ ಮೊದಲು ಕೇಳಿಕೋಬೇಕಾದ ಪ್ರಶ್ನೆ ಇದು. ನಂಬಿಕೆಯನ್ನ ನನ್ನ ಸಾಧನೆ ಅಂದ್ಕೊಂಡ್ರ ನೀ ಹೇಳಿದ್ದೇ ಆಗ್ತದ. ಮಾರ್ಕನ ಸುವಾರ್ತೆ ಒಂಬತ್ತನೇ ಅಧ್ಯಾಯದಾಗ ಒಬ್ಬ ತಂದಿ ತನ್ನ ಮೂರ್ಛೆ ಮಗನನ್ನ ಕರಕೊಂಡು ಬರ್ತಾನ. ನಂಬ್ತೀನಿ ಅಂತಾನ, ಅದೇ ಉಸಿರಿನಾಗ ನನ್ನ ಅಪನಂಬಿಕೆಗೂ ಸಹಾಯ ಮಾಡು ಅಂತ ಅಳ್ತಾನ. ಯೇಸು ಅವನ ನಂಬಿಕೆಗೆ ಮಾರ್ಕು ಹಾಕ್ಲಿಲ್ಲ, ಮಗನನ್ನ ಎಬ್ಬಿಸಿ ಕೊಟ್ಟ. ನಂಬಿಕೆ ಅಂದ್ರ ನನ್ನ ಮನಸ್ಸಿನ ಬಲ ಅಲ್ಲ. ನಾ ಯಾರ ಮ್ಯಾಲ ಭಾರ ಹಾಕೀನಿ ಅನ್ನೋದು ಮುಖ್ಯ. ಶಿಲುಬೆ ಮ್ಯಾಲ ಯೇಸುವಿನ ಪಕ್ಕಕ್ಕ ತೂಗಿದ ಅಪರಾಧಿಯನ್ನ ನೋಡು. ಅವನಿಗ ದೀಕ್ಷಾಸ್ನಾನ ಆಗಿರಲಿಲ್ಲ, ದಾನ ಮಾಡ್ಲಾಕ ಕೈ ಬಿಡುವಿರಲಿಲ್ಲ, ಮತತತ್ವ ಗೊತ್ತಿರಲಿಲ್ಲ. ನನ್ನನ್ನ ನೆನಸು ಅಂತ ಬೇಡಿದ. ಅಷ್ಟಕ್ಕೇ ಅವನಿಗ ಪರದೈಸಿನ ಮಾತು ಸಿಕ್ತು.

ಅವಳು: ಬೇಡಿದ್ದು ಅವನ ಕೆಲಸ ಆಗಲಿಲ್ಲೇನು?

ಅವರು: ಇದರ ಮ್ಯಾಲ ಹದಿನಾರು ನೂರು ವರ್ಷದಿಂದ ಚರ್ಚೆ ನಡೆದದ. ಮನುಷ್ಯ ತನ್ನ ಶಕ್ತಿಯಿಂದಲೇ ಒಳ್ಳೆಯವ ಆಗಬಲ್ಲ ಅಂತ ಪೆಲಾಗಿಯಸ್ ಅಂದ. ಇಲ್ಲ, ದೇವರ ಕಡೆ ತಿರುಗೋ ಆಸೆಯೂ ಕೃಪೆಯಿಂದಲೇ ಹುಟ್ತದ ಅಂತ ಅಗಸ್ಟಿನ್ ಅಂದ. 418ರಾಗ ಕಾರ್ತೇಜಿನ ಸಭೆ ಅಗಸ್ಟಿನ್ ಕಡೆ ನಿಂತು ಪೆಲಾಗಿಯಸ್‌ನ ಮಾತು ತಳ್ಳಿಹಾಕ್ತು. ಈ ಚರ್ಚೆ ನಮ್ಮ ದೇಶಕ್ಕೂ ಹೊಸದಲ್ಲ. ಶ್ರೀವೈಷ್ಣವರೊಳಗ ಬೆಕ್ಕಿನ ಮರಿ, ಮಂಗನ ಮರಿ ಅಂತ ಎರಡು ನ್ಯಾಯ ಅವ. ತೆಂಗಲೆಯವರ ಪ್ರಕಾರ ತಾಯಿ ಬೆಕ್ಕು ಮರಿಯನ್ನ ಬಾಯಾಗ ಕಚ್ಚಿ ಒಯ್ದಂಗ ದೇವರೇ ಒಯ್ತಾನ. ವಡಗಲೆಯವರ ಪ್ರಕಾರ ಮಂಗನ ಮರಿ ತಾಯಿಯನ್ನ ಹಿಡಕೊಂಡಂಗ ಭಕ್ತನೂ ಹಿಡಕೋಬೇಕು. ನಿಮ್ಮ ಸೇಡಂ ತಾಲೂಕಿನ ಮಳಖೇಡಕ್ಕ ಟೀಕಾಚಾರ್ಯ ಜಯತೀರ್ಥರ ಹೆಸರಿನ ಮ್ಯಾಲ ಎಷ್ಟು ಮಂದಿ ಬರ್ತಾರ. ಅವರು ವ್ಯಾಖ್ಯಾನ ಬರೆದ ಮಧ್ವಮತವೂ ವಿಷ್ಣುವಿನ ಪ್ರಸಾದ ಇಲ್ಲದೆ ಮೋಕ್ಷ ಇಲ್ಲ ಅಂತದ.

ಅವಳು: ಹಂಗಾದ್ರ ಎಲ್ಲಾ ಒಂದೇ ಅಂತೀರೇನು?

ಅವರು: ಅನ್ನಂಗಿಲ್ಲ. ಹಂಗಂದ್ರ ಅವರಿಗೂ ಮೋಸ, ನಮಗೂ ಮೋಸ. ಹೋಲಿಕೆ ಅದ, ಅಂತರನೂ ಅದ. ನಮ್ಮ ನಂಬಿಕೆ ಒಂದು ನಡೆದ ಘಟನೆ ಮ್ಯಾಲ ನಿಂತದ. ಪೊಂತ್ಯ ಪಿಲಾತ ಅನ್ನೋ ರೋಮಿನ ಅಧಿಕಾರಿ ಕಾಲಕ್ಕ, ಯೆರೂಸಲೇಮಿನಾಗ, ಯೇಸು ಶಿಲುಬೆ ಮ್ಯಾಲ ಸತ್ತ, ದೇವರು ಅವನನ್ನ ಎಬ್ಬಿಸಿದ ಅಂತ ನಾವು ನಂಬ್ತೀವಿ. ದೇವರು ಮನುಷ್ಯನ ಪಾಪದ ಭಾರ ತಾನೇ ಹೊತ್ತ ಅನ್ನೋದು ಆ ಘಟನೆಯ ಅರ್ಥ. ಪುನರ್ಜನ್ಮದ ಲೆಕ್ಕ ನಮ್ಮಲ್ಲಿ ಇಲ್ಲ. ಇದೇ ಒಂದು ಜೀವಮಾನ, ಅದಕ್ಕ ಒಂದೇ ಕ್ಷಮೆ.

ಅವಳು: ಒಂದೇ ಜೀವಮಾನ ಅಂದ್ರ ಇನ್ನೂ ಅನ್ಯಾಯ. ಒಬ್ಬ ಹುಟ್ಟಿದಾಗಿನಿಂದ ಕಷ್ಟಪಟ್ಟು ನೆಟ್ಟಗ ಬದುಕ್ತಾನ. ಇನ್ನೊಬ್ಬ ಎಲ್ಲಾ ಮಾಡಬಾರದ್ದು ಮಾಡಿ ಸಾಯೋ ಗಳಿಗ್ಯಾಗ ನಂಬ್ತೀನಿ ಅಂತಾನ. ಇಬ್ಬರಿಗೂ ಒಂದೇ ಫಲ!

ಅವರು: ನಾ ಶಹಾಬಾದದಾಗ ಇದ್ದಾಗ ಖಣಿ ಕೆಲಸದವರಿಗೆ ಮತ್ತಾಯನ ಇಪ್ಪತ್ತನೇ ಅಧ್ಯಾಯ ಓದಿ ಹೇಳ್ತಿದ್ದೆ. ಒಬ್ಬ ಮಾಲೀಕ ದ್ರಾಕ್ಷೆ ತೋಟಕ್ಕ ಕೂಲಿಯವರನ್ನ ಕರೀಲಾಕ ಹೋಗ್ತಾನ. ನಸುಕಿನಾಗ ಕೆಲವರನ್ನ ಒಂದು ದಿನದ ಕೂಲಿಗೆ ಮಾತಾಡ್ತಾನ. ಒಂಬತ್ತಕ್ಕ, ಹನ್ನೆರಡಕ್ಕ, ಮೂರಕ್ಕ ಮತ್ತ ಹೋಗಿ ಇನ್ನಷ್ಟು ಮಂದಿಯನ್ನ ಕರೀತಾನ. ಸಂಜಿ ಐದಕ್ಕ ಹೋದ್ರೂ ಇನ್ನೂ ಕೆಲವರು ನಿಂತಿರ್ತಾರ. ಯಾಕ ನಿಂತೀರಿ ಅಂತ ಕೇಳಿದ್ರ, ನಮ್ಮನ್ನ ಯಾರೂ ಕರೀಲಿಲ್ಲ ಅಂತಾರ. ಅವರನ್ನೂ ಕರಕೊಂಡು ಹೋಗ್ತಾನ. ಹೊತ್ತು ಮುಳುಗಿದ ಮ್ಯಾಲ ಕಡೀಕ ಬಂದವರಿಂದ ಪಗಾರ ಹಂಚಿಕೊಂತ ಬರ್ತಾನ, ಎಲ್ಲರಿಗೂ ಪೂರಾ ಒಂದು ದಿನದ ಕೂಲಿ.

ಅವಳು: ನಸುಕಿನಿಂದ ದುಡಿದವರು ಗೊಣಗ್ತಾರ. ನಾನೂ ಗೊಣಗ್ತಿದ್ದೆ.

ಅವರು: ಖಣಿಯವರು ಗೊಣಗಲಿಲ್ಲ, ಅದು ನನಗ ಈಗೂ ನೆನಪದ. ಸಂಜಿ ಐದರ ತನಕ ಯಾರು ಉಳೀತಾರ ಅಂತ ಅವರಿಗೆ ಗೊತ್ತದ. ನಾಕಾದಾಗ ಮುಂಜಾನೆ ನಿಂತವರೊಳಗ ಮೊದಲು ಗಟ್ಟಿ ಹುಡುಗರನ್ನ ಆರಿಸ್ತಾರ. ಫರ್ಸಿ ಎತ್ತಿ ಎತ್ತಿ ಸೊಂಟ ಬಿದ್ದವ, ಧೂಳಿನಿಂದ ಎದಿ ಹಿಡಿದವ, ಕಂಕುಳಾಗ ಕೂಸು ಇದ್ದಾಕಿ, ಮುಪ್ಪಿನವ, ಇವರು ಉಳೀತಾರ. ಮೈಗಳ್ಳರಂತ ಉಳಿದವರಲ್ಲ ಅವರು, ಯಾರಿಗೂ ಬ್ಯಾಡಾಗಿ ಉಳಿದವರು. ಅವರ ಒಲಿಗೂ ಒಂದು ದಿನದ ಹಿಟ್ಟೇ ಬೇಕು, ಒಂದು ತಾಸಿನ ಹಿಟ್ಟಿನಿಂದ ಮಕ್ಕಳು ಉಣ್ಣಂಗಿಲ್ಲ. ಮಾಲೀಕ ಮೊದಲಿನವರಿಗೆ ಮಾತಾಡಿದ್ದರಾಗ ಒಂದು ಪೈಸಾ ಕಡಿಮಿ ಕೊಡ್ಲಿಲ್ಲ. ಕಡೀಕ ಬಂದವನಿಗ ಅವನ ದುಡಿಮೆ ನೋಡಿ ಕೊಡ್ಲಿಲ್ಲ, ಅವನ ಹಸಿವು ನೋಡಿ ಕೊಟ್ಟ. ನಂಬಿಕೆಯಿಂದ ರಕ್ಷಣೆ ಅನ್ನೋ ಬೋಧನೆಯನ್ನ ಮತಪಂಡಿತರು ದಪ್ಪ ದಪ್ಪ ಪುಸ್ತಕದಾಗ ಬರದಾರ. ನನಗ ಅದರ ತಿರುಳು ಈ ಪಗಾರದಾಗ ಅದ.

ಅವಳು: ಕೊಡೋದು ಸರಿ. ಆದ್ರ ಮೊದಲಿನವರ ಕಣ್ಣ ಮುಂದೇ ಯಾಕ ಹಂಚಿದ? ಅವರಿಗೆ ಕೊಟ್ಟು ಕಳಿಸಿ, ಆಮ್ಯಾಲ ಕಡಿಯವರಿಗೆ ಗುಟ್ಟಾಗಿ ಕೊಟ್ಟಿದ್ರ ಗೊಣಗಾಟನೇ ಇರ್ತಿರಲಿಲ್ಲ.

ಅವರು: ಕೃಪೆಯನ್ನ ನೋಡಿ ಹೊಟ್ಟಿ ಉರೀದೆ ಇರೋದನ್ನ ಅವರು ಕಲೀಬೇಕಾಗಿತ್ತು. ಇನ್ನೊಬ್ಬನಿಗ ಪುಗಸಟ್ಟೆ ಸಿಕ್ಕಿದ್ದನ್ನ ನೋಡಿ ಸಂತೋಷ ಪಡೋದು ರಕ್ಷಣೆಯ ಮೊದಲನೇ ಪಾಠ. ಸಭೆಯಾಗ ನಲವತ್ತು ವರ್ಷ ಕುಂತವರಿಗೂ ಆ ಪಾಠ ಕಠಿಣ ಆಗ್ತದ.

ಅವಳು: ಪುಗಸಟ್ಟೆ ಸಿಕ್ಕದ್ದಕ್ಕ ಕಿಮ್ಮತ್ತು ಇರಂಗಿಲ್ಲ ಅಂತಾರ. ವಾರ ಪೂರ್ತಿ ಬಡ್ಡಿ ಹಿಂಡಿ ಆಯ್ತವಾರ ಕ್ಷಮಿಸು ಅಂತ ಕೂಡೋರನ್ನ ನಾ ನೋಡೀನಿ. ಎಲ್ಲಾ ಧರ್ಮದಾಗೂ ಅಂಥವರಿದ್ದಾರ. ನಿಮ್ಮ ಬೋಧನೆ ಅವರಿಗೆ ಇನ್ನೂ ಸಲೀಸು ಮಾಡಿಕೊಡ್ತದ.

ಅವರು: ಆ ಅಪಾಯ ಪೌಲನಿಗೇ ಗೊತ್ತಿತ್ತು. ಕೃಪೆ ಹೆಚ್ಚಾಗಲಿ ಅಂತ ಪಾಪ ಮಾಡೋಣೇನು ಅಂತ ತಾನೇ ಕೇಳಿ, ಎಂದಿಗೂ ಇಲ್ಲ ಅಂತ ತಾನೇ ಉತ್ತರ ಕೊಟ್ಟಾನ, ರೋಮಾಪುರದ ಪತ್ರ ಆರನೇ ಅಧ್ಯಾಯದಾಗ. ಯಾಕೋಬ ತನ್ನ ಪತ್ರದ ಎರಡನೇ ಅಧ್ಯಾಯದಾಗ ಇನ್ನೂ ಖಡಕ್ಕಾಗಿ ಬರೀತಾನ. ಮೈಮ್ಯಾಲ ಅರಿವೆ ಇಲ್ಲದವನಿಗ, ಹಸಿದವನಿಗ ಬರೀ ಮಾತಿನ ಹರಕೆ ಕೊಟ್ಟು ಕಳಿಸೋ ನಂಬಿಕೆ ಸತ್ತ ನಂಬಿಕೆ ಅಂತ. ಗಲಾತ್ಯದವರಿಗೆ ಪೌಲ ಹೇಳಿದ್ದು ಇಬ್ಬರನ್ನೂ ಕೂಡಿಸ್ತದ, ಪ್ರೀತಿಯ ಮೂಲಕ ದುಡಿಯೋ ನಂಬಿಕೆನೇ ನಂಬಿಕೆ. ಹಿಟ್ಲರ್ ಕಾಲದ ಜರ್ಮನಿಯಾಗ ಡೀಟ್ರಿಶ್ ಬೊನ್‌ಹೋಫರ್ ಅನ್ನೋ ಲೂಥರನ್ ಪಾಸ್ಟರ್ 1937ರಾಗ ಒಂದು ಪುಸ್ತಕ ಬರೆದು, ಅಗ್ಗದ ಕೃಪೆ ನಮ್ಮ ಸಭೆಯ ದೊಡ್ಡ ವೈರಿ ಅಂತ ಎಚ್ಚರಿಸಿದ. ಲೂಥರ್‌ನ ಹೆಸರು ಹೇಳೋ ಸಭೆಗಳೊಳಗೇ ಎಷ್ಟೋ ಮಂದಿ ಹಿಟ್ಲರ್‌ಗ ತಲಿ ಬಾಗಿಸಿದ್ದನ್ನ ಕಂಡು ಬರೆದ ಮಾತದು. 1945ರ ಏಪ್ರಿಲ್‌ನಾಗ ಅವನನ್ನ ಗಲ್ಲಿಗೆ ಹಾಕಿದ್ರು.

ಅವಳು: ನಿಮ್ಮ ಮೆಥೊಡಿಸ್ಟರು ಇದರಾಗ ಎಲ್ಲಿ ನಿಲ್ತಾರ?

ಅವರು: ನಮ್ಮ ಪಂಥ ಹುಟ್ಟಿಸಿದ ಜಾನ್ ವೆಸ್ಲಿ ಆಂಗ್ಲಿಕನ್ ಪಾದ್ರಿ. ಜೈಲಿಗೆ ಹೋಗಿ ಕೈದಿಗಳನ್ನ ಕಾಣ್ತಿದ್ದ, ಉಪವಾಸ ತಪ್ಪಿಸ್ತಿರಲಿಲ್ಲ, ಅಮೆರಿಕದ ಜಾರ್ಜಿಯಾಕ್ಕೂ ಹೋಗಿ ಬಂದ. ಒಳಗ ಮಾತ್ರ ಸಮಾಧಾನ ಇರಲಿಲ್ಲ. 1738ರ ಮೇ 24ರ ಸಂಜಿ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಾಗ ಯಾರೋ ಲೂಥರ್ ಬರೆದದ್ದನ್ನ ಓದ್ತಿದ್ರು. ಕ್ರಿಸ್ತ ನನ್ನ ಪಾಪನೂ ತೆಗೆದಾನ ಅಂತ ಅವತ್ತು ಅವನಿಗ ಖಾತ್ರಿ ಆಯ್ತು. ಮುಂದಿನ ವರ್ಷ ಬ್ರಿಸ್ಟಲ್ ಕಡೆ ಹೋಗಿ, ಗುಡಿಯೊಳಗ ಕಾಲಿಡದ ಕಲ್ಲಿದ್ದಲ ಗಣಿಯವರಿಗೆ ಬಯಲಾಗ ನಿಂತು ಬೋಧಿಸಿದ. 1791ರಾಗ, ಸಾಯೋ ಮುಂಚಿನ ವಾರ, ಗುಲಾಮಗಿರಿ ವಿರುದ್ಧ ಹೋರಾಡು ಅಂತ ಬ್ರಿಟಿಷ್ ಸಂಸದ ವಿಲ್ಬರ್‌ಫೋರ್ಸ್‌ಗ ಪತ್ರ ಬರೆದ. ರಕ್ಷಣೆ ಸಿಗ್ತದ ಅಂತ ಬರೀಲಿಲ್ಲ. ಸಿಕ್ಕದ್ದಕ್ಕ ಸುಮ್ಮನಿರಲಾಕ ಆಗಲಿಲ್ಲ, ಬರೆದ.

ಅವಳು: ಕ್ಯಾಥೊಲಿಕರು ಇದನ್ನ ಒಪ್ಪಂಗಿಲ್ಲಲ್ಲ?

ಅವರು: 1547ರಾಗ ಟ್ರೆಂಟ್ ಸಭೆ, ಬರೀ ನಂಬಿಕೆ ಸಾಕು, ಮನುಷ್ಯನ ಸಹಕಾರ ಬ್ಯಾಡ ಅನ್ನೋ ಮಾತನ್ನ ಖಂಡಿಸ್ತು. ನಂಬಿಕೆ, ನಿರೀಕ್ಷೆ, ಪ್ರೀತಿ ಮೂರೂ ಕೂಡಿರಬೇಕು ಅಂತ ಅವರ ವಾದ. ಆಮ್ಯಾಲ ಯುದ್ಧನೂ ಆದವು. ಆದ್ರ 1999ರ ಅಕ್ಟೋಬರ್ 31ಕ್ಕ ಜರ್ಮನಿಯ ಆಗ್ಸ್‌ಬರ್ಗ್‌ನಾಗ ಕ್ಯಾಥೊಲಿಕ್ ಸಭೆ ಮತ್ತ ಲೂಥರನ್ ವಿಶ್ವ ಒಕ್ಕೂಟ ಕೂಡಿ ಒಂದು ಜಂಟಿ ಹೇಳಿಕೆಗೆ ಸಹಿ ಹಾಕಿದ್ರು. ದೇವರು ನಮ್ಮನ್ನ ಒಪ್ಪಿಕೊಳ್ಳೋದು ಕೃಪೆಯಿಂದ, ನಮ್ಮ ಯೋಗ್ಯತೆಯಿಂದಲ್ಲ, ಆ ಕೃಪೆನೇ ಒಳ್ಳೆ ಕೆಲಸಕ್ಕ ಹಚ್ತದ ಅಂತ ಇಬ್ಬರೂ ಒಪ್ಪಿದ್ರು. 2006ರಾಗ ಸೋಲ್‌ನಾಗ ನಮ್ಮ ಮೆಥೊಡಿಸ್ಟ್ ವಿಶ್ವ ಮಂಡಳಿನೂ ಅದಕ್ಕ ಸೇರ್ಕೊಂತು. ಎಲ್ಲಾ ಭೇದ ಅಳಿದಿಲ್ಲ. ನಾಲ್ಕೂವರೆ ನೂರು ವರ್ಷದ ಹಳೇ ಗಾಯಕ್ಕ ಮುಲಾಮು ಹಚ್ಚಿದ್ದು ಸಣ್ಣ ಮಾತಲ್ಲ.

ಅವಳು: ಯೂರೋಪಿನ ಮಾತು ಸಾಕು ಕಾಕಾ, ನಮ್ಮ ಕಡಿದು ಹೇಳ್ರಿ. ಇಲ್ಲಿ ಸಭೆಗೆ ಬಂದವರು ಈ ಬೋಧನೆ ಕೇಳಿ ಬಂದ್ರೋ, ಸಾಲಿ, ದವಾಖಾನಿ ನೋಡಿ ಬಂದ್ರೋ?

ಅವರು: 1870ರ ದಶಕದಾಗ ವಿಲಿಯಂ ಟೇಲರ್ ಅನ್ನೋ ಅಮೆರಿಕದ ಮೆಥೊಡಿಸ್ಟ್ ಪ್ರಸಂಗಿ ಮುಂಬಯಿ, ಮದ್ರಾಸು, ಬೆಂಗಳೂರು, ಸಿಕಂದರಾಬಾದಿನಾಗ ಸಭೆ ಕಟ್ಟಿದ. 1874ಕ್ಕ ವಾಡಿಯಿಂದ ಸಿಕಂದರಾಬಾದಕ್ಕ ನಿಜಾಮರ ರೈಲು ಓಡ್ತು. ಆಮ್ಯಾಲ ಕಲಬುರಗಿ, ಬೀದರ, ವಿಕಾರಾಬಾದ ಕಡೆ ಕೆಲಸ ಬೆಳೀತು. ಸಾಲಿ ಇದ್ದವು, ದವಾಖಾನಿ ಇದ್ದವು, ಅವುಗಳಿಂದ ಎಲ್ಲಾ ಜಾತಿಯವರಿಗೂ ಉಪಯೋಗ ಆಯ್ತು. ಸಭೆಗೆ ಬಂದವರೊಳಗ ಹೆಚ್ಚಿನವರು ದಲಿತ ಕೇರಿಯವರು. ನನ್ನ ಮುತ್ತ್ಯಾನೂ ಅವರೊಳಗ ಒಬ್ಬ. ಊರ ಬಾವಿಗೆ ಅವನ ಕೊಡ ಮುಟ್ಟಂಗಿರಲಿಲ್ಲ, ಗುಡಿಯ ಮೆಟ್ಟಿಲು ಹತ್ತಂಗಿರಲಿಲ್ಲ. ಅವನ ಹುಟ್ಟೇ ಹಿಂದಿನ ಸಾಲದ ಲೆಕ್ಕ ಅಂತ ಊರು ಹೇಳ್ತಿತ್ತು. ದೇವರ ಮುಂದ ನಿಲ್ಲಲಾಕ ನಿನ್ನ ಹುಟ್ಟೂ ಅಡ್ಡ ಬರಂಗಿಲ್ಲ, ನಿನ್ನ ಕೈಲಾಗದ ಪುಣ್ಯನೂ ಬೇಕಾಗಿಲ್ಲ ಅಂತ ಕೇಳಿದಾಗ ಅವನಿಗ ಏನನಿಸಿರಬೇಕು! ಕಲ್ಯಾಣದಾಗ ಬಸವಣ್ಣನ ಮಾತು ಕೇಳಿದ ಕಾಯಕಜೀವಿಗಳಿಗೆ ಏನನಿಸ್ತೋ ಅದಕ್ಕ ಹತ್ತಿರದ್ದು ಅಂತ ತಿಳಕೊ.

ಅವಳು: ಆಮಿಷದ ಮಾತೂ ಕೇಳಿಬರ್ತದಲ್ರಿ.

ಅವರು: ಆಮಿಷ ತೋರ್ಸಿ ಕರೆದು ತಂದವ ಈ ಬೋಧನೆಯನ್ನೇ ತುಳೀತಾನ. ಕೃಪೆ ಕೊಳ್ಳಲಾಕ ಬರಂಗಿಲ್ಲ ಅಂದ ಮ್ಯಾಲ ಮನುಷ್ಯನ ನಂಬಿಕೆನೂ ಕೊಳ್ಳಲಾಕ ಬರಂಗಿಲ್ಲ. ಹೆದರಿಸಿ ತಂದದ್ದೂ ಅಷ್ಟೇ, ಅದು ನಂಬಿಕೆ ಅಲ್ಲ. ಇನ್ನೊಂದು ಮಗ್ಗಲೂ ನೋಡು. 1950ರ ಪರಿಶಿಷ್ಟ ಜಾತಿ ಆದೇಶದ ಪ್ರಕಾರ ಕ್ರೈಸ್ತನಾದ ದಲಿತನಿಗ ಆ ಮೀಸಲಾತಿ ಇಲ್ಲ. 1956ರಾಗ ಸಿಖ್ಖರಿಗೆ, 1990ರಾಗ ಬೌದ್ಧರಿಗೆ ಆ ಹಕ್ಕು ಸಿಕ್ತು, ಇವರಿಗೆ ಸಿಗಲಿಲ್ಲ. ಎಷ್ಟೋ ಮನಿಯವರು ಇದನ್ನ ತಿಳಿದೂ ನಂಬಿಕೆ ಬಿಟ್ಟಿಲ್ಲ. ನಮ್ಮ ಸಭೆಗಳೊಳಗೂ ಜಾತಿ ಸತ್ತಿಲ್ಲ, ಅದನ್ನೂ ಹೇಳಬೇಕು. ಲಗ್ನದ ಮಾತು ಬಂದಾಗ ಎದ್ದು ನಿಲ್ತದ. ಒಂದೇ ರೊಟ್ಟಿ ಮುರಿದು ತಿಂದು ಹೊರಗ ಬಂದು ಜಾತಿ ಕೇಳಿದ್ರ, ನಾವು ಇನ್ನೂ ಯೋಗ್ಯತೆಯ ಲೆಕ್ಕದಾಗೇ ಇದ್ದೀವಿ ಅಂತ ಅರ್ಥ.

ಅವಳು: ಕಡೀದು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಮ್ಮ ಅಮ್ಮ, ಅಪ್ಪನ ತಾಯಿ, ಬಾಗಿಲಿಗೆ ಬಂದವರಿಗೆ ಊಟ ಹಾಕದೆ ಕಳಿಸಿದಾಕಿ ಅಲ್ಲ. ಇಷ್ಟಲಿಂಗ ಪೂಜೆ ಮಾಡಿ ಸತ್ತಳು. ಕ್ರಿಸ್ತನ ಹೆಸರು ನೆಟ್ಟಗ ಕೇಳಿದ್ದಿಲ್ಲ. ಆಕಿಗೆ ರಕ್ಷಣೆ ಇಲ್ಲೇನು?

ಅವರು: ಕ್ರೈಸ್ತರೆಲ್ಲರದೂ ಒಂದೇ ಉತ್ತರ ಇಲ್ಲ. ಕ್ರಿಸ್ತನ ಹೆಸರು ಹೇಳಿ ನಂಬದೆ ರಕ್ಷಣೆ ಇಲ್ಲ ಅಂತ ಗಟ್ಟಿಯಾಗಿ ಹೇಳೋರಿದ್ದಾರ, ಅವರಿಗೆ ಬೈಬಲ್ಲಿನ ಆಧಾರನೂ ಅದ. 1964ರಾಗ ಎರಡನೇ ವ್ಯಾಟಿಕನ್ ಸಭೆ, ತಮ್ಮ ತಪ್ಪಿಲ್ಲದೆ ಸುವಾರ್ತೆ ತಿಳಿಯದವರು ಪ್ರಾಮಾಣಿಕ ಮನಸ್ಸಿನಿಂದ ದೇವರನ್ನ ಹುಡುಕಿದ್ರ ಅವರಿಗೂ ರಕ್ಷಣೆ ಸಾಧ್ಯ ಅಂತು. ವೆಸ್ಲಿ ಪ್ರಕಾರ ಮನುಷ್ಯ ದೇವರನ್ನ ಅರಿಯೋ ಮುಂಚೇನೇ ಕೃಪೆ ಪ್ರತಿಯೊಬ್ಬರೊಳಗ ಕೆಲಸ ಹಿಡಿದಿರ್ತದ. ಮತ್ತಾಯನ ಇಪ್ಪತ್ತೈದನೇ ಅಧ್ಯಾಯದಾಗ ಹಸಿದವರಿಗೆ ಉಣಿಸಿದವರು, ನಾವು ನಿನ್ನನ್ನ ಯಾವಾಗ ಕಂಡೆವು ಅಂತ ಕ್ರಿಸ್ತನನ್ನೇ ಕೇಳ್ತಾರ. ತಾವು ಅವನಿಗೇ ಬಡಿಸೀವಿ ಅಂತ ಅವರಿಗೆ ಗೊತ್ತೇ ಇರಂಗಿಲ್ಲ.

ಅವಳು: ಇವೆಲ್ಲಾ ಮಂದಿ ಹೇಳಿದ್ದು. ನೀವೇನಂತೀರಿ?

ಅವರು: ನಾನು ಕ್ರಿಸ್ತನ ಕೃಪೆ ಮ್ಯಾಲ ಭಾರ ಹಾಕಿದವ, ಅದನ್ನ ಯಾರ ಮುಂದೂ ಮುಚ್ಚಿಡಂಗಿಲ್ಲ. ನಿಮ್ಮ ಅಮ್ಮನ ವಿಷಯದಾಗ ತೀರ್ಪು ಹೇಳೋ ಗಾದಿ ನನ್ನದಲ್ಲ. ನಾನು ಯೋಗ್ಯತೆಯಿಂದ ಉಳಿದಿದ್ರ ಆಕಿ ಯೋಗ್ಯತೆ ಅಳೀಬಹುದಿತ್ತೇನೋ. ದಾನದಿಂದ ಉಳಿದವ ಇನ್ನೊಬ್ಬರಿಗ ದಾನ ಇಲ್ಲ ಅಂತ ಬಾಗಿಲು ಹಾಕೋದು ಯಾವ ಬಾಯಿಂದ? ಸಂಜಿ ಐದಕ್ಕ ಬಂದವರನ್ನೂ ಹುಡುಕಿಕೊಂಡು ಹೋದ ಮಾಲೀಕನ ಕೈಯಾಗ ಆಕಿ ಇದ್ದಾಳ ಅಂತ ನನ್ನ ನಿರೀಕ್ಷೆ. ನಮ್ಮ ಚಿತ್ತಾಪುರ ತಾಲೂಕಿನ ಸನ್ನತಿಯಾಗ, ಚಂದ್ರಲಾಂಬಾ ಗುಡಿ ಆವರಣದಾಗ ಸಿಕ್ಕ ಅಶೋಕನ ಶಾಸನ ನೀನು ಮಕ್ಕಳಿಗೆ ಕಲಸ್ತೀಯಲ್ಲ?

ಅವಳು: ಹನ್ನೆರಡನೇ ಶಿಲಾಶಾಸನದ ಪಾಠ ಅಲ್ಲಿದೆ. ತನ್ನ ಮತ ಹೊಗಳಿ ಇನ್ನೊಬ್ಬರ ಮತ ತೆಗಳಿದವ ತನ್ನ ಮತಕ್ಕೇ ಹಾನಿ ಮಾಡ್ತಾನ ಅನ್ನೋ ಅರ್ಥದ್ದು.

ಅವರು: ಕೃಪೆಯಿಂದ ಉಳಿದೀವಿ ಅನ್ನೋರಿಗೆ ಅದು ಇನ್ನೂ ಹೆಚ್ಚು ಹತ್ತಬೇಕು.

ಅವಳು: ನಾ ಪೂರಾ ಒಪ್ಪೀನಿ ಅಂತ ಹೇಳಂಗಿಲ್ಲ ಕಾಕಾ. ಕಾಯಕ ನನ್ನ ರಕ್ತದಾಗ ಅದ, ದುಡಿಮೆಗೆ ಬೆಲೆ ಇಲ್ಲ ಅನ್ನೋ ಮಾತು ನನಗ ಆಗಂಗಿಲ್ಲ. ಆದ್ರ ನೀವು ಹೇಳಿದ ಬೋಧನೆ ದುಡಿಮೆಯನ್ನ ಹೀನಾಯ ಮಾಡಂಗಿಲ್ಲ, ದುಡೀಲಾಕ ಆಗದವನ ಮರ್ಯಾದೆ ಉಳಸ್ತದ. ಇಷ್ಟು ನನಗ ತಿಳೀತು.

ಅವರು: ನೀನು ಒಪ್ಪಬೇಕಂತ ನಾ ಹೇಳಿಲ್ಲವ್ವಾ. ಒಂದು ಕೆಲಸ ಮಾಡು. ನಮ್ಮವರನ್ನ ನೋಡುವಾಗ ಎಷ್ಟು ಜೋರಾಗಿ ಹಾಡ್ತಾರ, ಎಷ್ಟು ಉಪವಾಸ ಮಾಡ್ತಾರ ಅಂತ ನೋಡಬ್ಯಾಡ. ಬಿದ್ದವನ ಜೊತಿ ಹ್ಯಾಂಗ ಕೂಡ್ತಾರ, ಬ್ಯಾರೆ ಮತದವರ ಮನಿ ಸಾವಿನಾಗ ಹ್ಯಾಂಗ ಮಾತಾಡ್ತಾರ, ಕೂಲಿಯವನಿಗ ಪಗಾರ ಹ್ಯಾಂಗ ಕೊಡ್ತಾರ, ಅದನ್ನ ನೋಡು. ಪುಗಸಟ್ಟೆ ಉಳಿದೀವಿ ಅಂತ ಹೇಳಿಕೊಂಡು ಯಾರನ್ನಾದರೂ ಕೀಳಾಗಿ ಕಂಡದ್ದು ನಿನ್ನ ಕಣ್ಣಿಗೆ ಬಿದ್ರ, ನಮ್ಮನ್ನ ಬಜಾರಿನಾಗೇ ನಿಲ್ಲಿಸಿ ಕೇಳು. ಆ ಹಕ್ಕು ನಿನಗ ಈ ಬೋಧನೆನೇ ಕೊಟ್ಟದ.